ಹೇಳಿದ ಕೆಲಸ ಮಾಡುತ್ತಾಳೆ

ಮಾರ್ಚ್ 4, ಬೆಳಿಗ್ಗೆ 8.50

ಲ್ಯಾಬ್ ಬೀಗ ತೆಗೆಯುವಾಗಲೇ ಬೆಸುಗೆ ಬಾಗಿಲಲ್ಲಿ ನಿಂತಿದ್ದಳು. ಲಿಫ್ಟ್ ರಿಪೇರಿಯವರ ಮಗಳು; ಸೋಲ್ಡರಿಂಗ್‌ನಲ್ಲಿ ಕೈ ಪಳಗಿದ್ದಕ್ಕೆ ಆ ಅಡ್ಡಹೆಸರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು. ಇಂಥ ಆರು ಮಕ್ಕಳಿಗೆ ನಾನು ಮೆಂಟರ್.

"ರಿಸರ್ಚ್ ಸೀಟು ಬರ್ಲಿಲ್ಲ ಮೇಡಂ."

ಸಿಕ್ಕಿದ್ದು ಇದೇ ಲ್ಯಾಬಿನ ಮಾತಿನಮಲ್ಲನಿಗೆ. ಮಾರ್ಕ್ಸು ಇವಳದೇ ಜಾಸ್ತಿ! ಮೈಯೆಲ್ಲ ಉರಿಯಿತು.

ಅದೇ ದಿನ, ಸಂಜೆ

ಅಮ್ಮ ಫೋನಿನಲ್ಲಿ: "ಸಿಟ್ಟಲ್ಲಿ ಕುಯ್ದ ಮೂಗು ಮತ್ತೆ ಬರಲ್ಲ ಕಣೇ."

"ಕುಯ್ಯೋದು ಆಯ್ಕೆ ಸಮಿತಿಯವರ ಮೂಗು, ನಂದಲ್ಲ."

ಮಾರ್ಚ್ 5

ಆಯ್ಕೆ ಸಮಿತಿಯ ಹಿರಿಯರ ಕೋಣೆಗೆ ನುಗ್ಗಿದೆ. ಕೂರಲಿಲ್ಲ. "ಇಂಥ ಮಕ್ಕಳು ಕಾಲೇಜಿನ ಪ್ರಚಾರದ ಪೋಸ್ಟರಿಗೆ ಬೇಕು, ಸೀಟಿಗೆ ಬೇಡ, ಅಲ್ವಾ?" ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಫೈಲಿನಿಂದ ಎರಡು ಹಾಳೆ ತೆಗೆದು ಮುಂದಿಟ್ಟರು.

"ನಿಮ್ಮ ಶಿಫಾರಸು ಪತ್ರಗಳೇ. ಓದಿ."

ಮಲ್ಲನದು: 'ಸ್ವಂತವಾಗಿ ಯೋಚಿಸಬಲ್ಲವನು. ನಾಳಿನ ವಿಜ್ಞಾನಿ.'

ಬೆಸುಗೆಯದು: 'ವಿಧೇಯಳು. ಕಷ್ಟಪಡುತ್ತಾಳೆ. ಹೇಳಿದ ಕೆಲಸ ಮಾಡುತ್ತಾಳೆ.'

ಎರಡಕ್ಕೂ ನನ್ನ ಸಹಿ.

"ನೀವಾಗಿದ್ರೆ ಯಾರಿಗೆ ಕೊಡ್ತಿದ್ರಿ?"

"ಮಾರ್ಕ್ಸು ನೋಡೋಕೆ ನಿಮಗೂ ಕಣ್ಣಿತ್ತಲ್ಲ?" ಅಂದೆ. ದನಿಯಲ್ಲಿ ಕಸುವಿರಲಿಲ್ಲ.

"ಅಪೀಲಿಗೆ ಹನ್ನೆರಡನೇ ತಾರೀಖಿನವರೆಗೂ ಟೈಮಿದೆ. ಹೊಸ ಪತ್ರ ತನ್ನಿ."

ಮಾರ್ಚ್ 9

ನಾಲ್ಕು ದಿನ ಬೆಸುಗೆಗೆ ಮುಖ ತಪ್ಪಿಸಿಕೊಂಡು ಓಡಾಡಿದೆ. ಛೀ.

ಹಳೆಯ ಪತ್ರಗಳನ್ನೆಲ್ಲ ತೆಗೆದೆ. ಹತ್ತು ವರ್ಷದವು. ಕೈಹಿಡಿದು ನಡೆಸಿದೆ ಎಂದು ನಾನು ಬೀಗಿದ ಮಕ್ಕಳೆಲ್ಲ 'ಕಷ್ಟಪಡುವವರು'. 'ಜಾಣರು' ಒಬ್ಬರೂ ಇಲ್ಲ. ನನಗೂ ನನ್ನ ಮೇಷ್ಟ್ರು ಹೀಗೇ ಬರೆದಿದ್ದರು... ಹೊಗಳಿಕೆ ಅಂದುಕೊಂಡಿದ್ದೆ. ದಡ್ಡಿ.

ಮಾರ್ಚ್ 11, ಸಂಜೆ 6

ಕೊನೆಗೂ ಬೆಸುಗೆಗೆ ಹೇಳಿದೆ. ಹಳೆಯ ಪತ್ರವನ್ನೂ ತೋರಿಸಿದೆ. ಎರಡು ಸಲ ಓದಿದಳು. ಅಳುತ್ತಾಳೆ ಅಂದುಕೊಂಡೆ — ಅದೂ ನನ್ನ ಸೊಕ್ಕೇ.

"ನಾನೇನು ಸ್ವಿಚ್ಚಾ ಮೇಡಂ, ಒತ್ತಿದ್ರೆ ಉರಿಯೋಕೆ?"

"ಹೊಸದು ಬರೀತೀನಿ."

"ನನ್ನೆದುರಿಗೇ ಬರೀರಿ." ಕುರ್ಚಿ ಎಳೆದು ಕೂತಳು. "ನಾನೇ ಯೋಚ್ನೆ ಮಾಡಿ ಮಾಡಿದ್ದು ಒಂದು ಹೇಳಿ ನೋಡೋಣ."

ತಡಬಡಾಯಿಸಿದೆ. ಅವಳೇ ಹೇಳಿದಳು. ಪಂಪಿನ ಕಂಪನ ಅಳೆಯುವ ಸೆನ್ಸರು ಮೇಜಿನ ಅಲುಗಾಟವನ್ನೂ ಸೇರಿಸಿ ತೋರಿಸುತ್ತಿದೆ ಎಂದು ಕಂಡುಹಿಡಿದವಳು ಅವಳು. ಹೌದು. ಅವಳೇ. ಕಳೆದ ವರ್ಷ ಸೆಮಿನಾರಿನಲ್ಲಿ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದು ಮಾತ್ರ ನಾನು. ಅವಳ ಹೆಸರೆತ್ತದೆ.

ಮೊದಲ ಸಾಲಿಗೆ ಅವಳ ಶೋಧ ಬರೆದೆ. ಎರಡನೆಯದಕ್ಕೆ ಪೆನ್ನು ನಿಂತಿತು.

"ಸೆಮಿನಾರಿನ ವಿಷಯಾನೂ ಬರೀರಿ," ಅಂದಳು.

ಬರೆದೆ. ಸಹಿ ಹಾಕಿದೆ. ಲಕೋಟೆ ಅವಳೇ ಒಯ್ದಳು. ನಾಳೆ ಸಮಿತಿ ಅದನ್ನು ಓದಿದ ಮೇಲೆ ಈ ಲ್ಯಾಬಿನಲ್ಲಿ ನನ್ನ ಕುರ್ಚಿ ಉಳಿಯುವುದೋ ಇಲ್ಲವೋ.