ಮುರಿದ ಸೂಜಿಯ ತುದಿ

ಕಾಮಾಕ್ಷಿಪಾಳ್ಯ
ಭಾನುವಾರ, 12 ಮಾರ್ಚ್ 2006

ನನ್ನ ಮುದ್ದು ಚೇತನಾ,

ಚೆನ್ನಾಗಿದೀಯಾ ಅಂತ ಕೇಳೋ ಮುಖ ನನಗಿಲ್ಲ. ಮೊದಲು ಒಂದು ಮಾತು. ನಾಳೆ ಒಂಬತ್ತಕ್ಕೆ ಆಫೀಸಿಗೆ ಕರೆದು ರಾಜೀನಾಮೆ ಕಾಗದ ಮುಂದಿಟ್ಟರೆ ಸಹಿ ಹಾಕಬೇಡ ಕಣೇ. ಸೂಪರ್‌ವೈಸರ್ ಉಗ್ರಪ್ಪ ಸಾರ್ ಗದರಿದರೂ ಹಾಕಬೇಡ, ಒಳ್ಳೆ ಮಾತಲ್ಲಿ ಹೇಳಿದರೂ ಹಾಕಬೇಡ. ನಾನು ಬರೋವರೆಗೂ ಪೆನ್ನೇ ಮುಟ್ಟಬೇಡ. ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ಮತ್ತೆ ಸುಳ್ಳು ಹೇಳಿಬಿಡ್ತೀನಿ ಅಂತ ಹೆದರಿ ಬರೀತಾ ಇದೀನಿ. ನಿನ್ನ ರೂಮಿನ ಸುಮಾ ಕೈಲಿ ಕಳಿಸ್ತೀನಿ.

ಮಕ್ಕಳ ಫ್ರಾಕಿನಲ್ಲಿ ಸಿಕ್ಕಿತಲ್ಲ ಸೂಜಿ ತುದಿ, ಅದು ನಿನ್ನದಲ್ಲ. ನಂದು.

ಗುರುವಾರ ನಿನ್ನ ಸೂಜಿ ಮುರಿದ ಅರ್ಧ ಗಂಟೆಗೆ ನಂದೂ ಮುರೀತು. ಚೂರೆಲ್ಲಾ ಕಾಗದಕ್ಕೆ ಅಂಟಿಸಿ ಕೊಟ್ಟರೆ ತಾನೇ ಹೊಸ ಸೂಜಿ? ನೀನು ಮಂಡಿಯೂರಿ ಹುಡುಕಿ ಎಲ್ಲಾ ಕೊಟ್ಟೆ. ನನಗೆ ತುದಿ ಸಿಗಲಿಲ್ಲ. ಸಿಗಲಿಲ್ಲ ಅಂದರೆ ಲೈನ್ ನಿಲ್ಲಿಸಿ ಹೊಲಿದಿದ್ದನ್ನೆಲ್ಲಾ ಬಿಚ್ಚಿ ನೋಡ್ತಾರೆ, ಅಷ್ಟೂ ಜನರ ಮುಂದೆ ಬೈತಾರೆ. ಹದಿನೆಂಟು ವರ್ಷ ಗಾರ್ಮೆಂಟ್ಸಲ್ಲಿ ಹೊಲಿದವಳಿಗೆ ಇಂಥ ಅವಮಾನವಾ! ಹಳಬರು ಕೆಲವರು ಇಂಥ ಹೊತ್ತಿಗೆ ಅಂತ ಹಳೇ ತುದಿಯೊಂದನ್ನ ಬಚ್ಚಿಟ್ಟುಕೊಂಡಿರ್ತೀವಿ. ನಾನು ಅದನ್ನೇ ಅಂಟಿಸಿ ಕೊಟ್ಟೆ.

ಶುಕ್ರವಾರ ಪ್ಯಾಕಿಂಗಲ್ಲಿ ಕಬ್ಬಿಣ ಹುಡುಕೋ ಮೆಷಿನ್ ಕೂಗಿತು. ಮುರಿದ ಸೂಜಿ ಲೆಕ್ಕ ಬರೆಯೋ ಪುಸ್ತಕದಲ್ಲಿ ಹಿಂದಿನ ದಿನ ಇದ್ದದ್ದು ನಮ್ಮಿಬ್ಬರ ಹೆಸರೇ. ಉಗ್ರಪ್ಪ ಸಾರ್ ಮೊದಲು ನನ್ನ ಕೇಳಿದರು. ನಂದೆಲ್ಲಾ ಸರಿಯಾಗಿ ಕೊಟ್ಟಿದೀನಿ ಸಾರ್, ಅವಳು ಹೊಸ ಹುಡುಗಿ, ಭಯಕ್ಕೆ ಏನು ಮಾಡಿದಳೋ ಅಂದುಬಿಟ್ಟೆ. ಹೆದರಿಕೆಯಲ್ಲಿ ಬಾಯಿಗೆ ಬಂದ ಮಾತು, ನಂಬು. ಥೂ, ನನ್ನ ಬಾಯಿಗೆ ಮಣ್ಣು ಹಾಕ!

ನೀನು ಬಾಗಲಕೋಟೆಯಿಂದ ಬಂದು ಸೇರಿದ ದಿನ, ಇವಳು ನನ್ನ ತಂಗಿ ಇದ್ದ ಹಾಗೆ ಅಂತ ಲೈನಿಗೆಲ್ಲಾ ಹೇಳಿದವಳೂ ನಾನೇ. ಬೇಲಿಯೇ ಎದ್ದು ಹೊಲ ಮೇಯ್ತು. ಒಂದಿನ ಮಾಗಡಿ ರೋಡಿನ ಬಸ್ಸಲ್ಲಿ ಕೇಳಿದ್ದೆ ನೀನು, ದಿನಾ ಕಾಲರ್ ಹೊಲಿಯೋದರಲ್ಲಿ ಏನು ಸಾರ್ಥಕ ಅಕ್ಕಾ ಅಂತ. ಯಾರ ಅನ್ನಕ್ಕೂ ಕಲ್ಲು ಹಾಕದೆ ಬದುಕಿದರೆ ಅದೇ ಸಾರ್ಥಕ ಕಣೇ ಅಂದಿದ್ದೆ, ದೊಡ್ಡ ಸ್ವಾಮೀಜಿ ಥರ. ಮನುಷ್ಯರು ಕೆಟ್ಟವರಾಗೋಕೆ ದೊಡ್ಡ ಕಾರಣ ಏನೂ ಬೇಡ ಚೇತನಾ. ನಾಲ್ಕು ಜನರ ಮುಂದೆ ಮರ್ಯಾದೆ ಹೋಗುತ್ತಲ್ಲ ಅನ್ನೋ ಹೆದರಿಕೆ ಸಾಕು. ಇದು ಗೊತ್ತಾಗೋಕೆ ನನಗೆ ನಲವತ್ತೆರಡು ವರ್ಷ ಬೇಕಾಯಿತು.

ಉಪ್ಪು ತಿಂದವಳು ನಾನು, ನೀರು ಕುಡೀಬೇಕಾದವಳೂ ನಾನೇ. ನಾಳೆ ಎಂಟೂವರೆಗೆ ಗೇಟಿನ ಹತ್ತಿರ ಇರ್ತೀನಿ. ನಿನಗಿಂತ ಮೊದಲು ಒಳಗೆ ಹೋಗಿ ಹೇಳ್ತೀನಿ. ಕೆಲಸ ಹೋಗುತ್ತೆ, ಗೊತ್ತು. ಮನೆಯವರಿಗೆ ಇನ್ನೂ ಹೇಳಿಲ್ಲ. ಒಂದು ವೇಳೆ ನಾನು ಬರದೇ ಹೋದರೆ ಈ ಕಾಗದ ತೆಗೆದು ಉಗ್ರಪ್ಪ ಸಾರ್ ಮುಂದೆ ಇಡು. ಅದಕ್ಕೇ ಪೂರ್ತಿ ಹೆಸರು, ಟೋಕನ್ ನಂಬರ್ ಎಲ್ಲಾ ಹಾಕ್ತಾ ಇದೀನಿ.

ಅಕ್ಕ ಅನ್ನಿಸಿಕೊಳ್ಳೋ ಯೋಗ್ಯತೆ ಕಳಕೊಂಡ,
ಬಿ. ಪುಟ್ಟಲಕ್ಷ್ಮಿ
ಟೋಕನ್ ನಂಬರ್ 318

ತಾ.ಕ.: ಹೆದರಿಕೆಯಲ್ಲಿ ಬಾಯಿಗೆ ಬಂತು ಅಂತ ಮೇಲೆ ಬರೆದೆನಲ್ಲ, ಅದೂ ಸುಳ್ಳು. ಆ ಹಳೇ ತುದಿ ಅಂಟಿಸೋವಾಗ ಪಕ್ಕದಲ್ಲಿ ಕೂತು ಟೇಪ್ ಹರಿದು ಕೊಟ್ಟವಳು ನೀನೇ. ಎಲ್ಲಾ ನೋಡಿಯೂ ನೀನು ಯಾರಿಗೂ ಹೇಳಲಿಲ್ಲ. ಯಾರು ಎಷ್ಟೇ ಕೇಳಿದರೂ ನೀನು ನನ್ನ ಹೆಸರು ಹೇಳಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ನಿನ್ನ ಹೆಸರು ಹೇಳಿದೆ.