ಕಿಟಕ್ ಅನ್ನುವವರೆಗೆ

ಫೆಬ್ರವರಿ 9, ಸೋಮವಾರ

...ಹಾಗಾಗಿ ನಿನ್ನೆ ಕೇಳಿಸಿದ್ದು ವ್ರೆಂಚಿನ ಸದ್ದಲ್ಲ, ಬೋಲ್ಟ್ ತುಂಡಾದದ್ದು. ಬಸ್ಸಿನ ವರ್ಕ್‌ಶಾಪಿನಲ್ಲಿ ಆಯುಷ್ಯವಿಡೀ ಕೈ ಅಂದಾಜಿನಲ್ಲೇ ಬಿಗಿದವನು ನಾನು. ಈಗ ಕೈಗೆ ಅಂದಾಜಿಲ್ಲ. ಅದಕ್ಕೇ ಕಾರಿನ ಎಂಜಿನ್ ಹೆಡ್ ಕೂರಿಸಲು ಕಾರ್ಕಳದ ಡೊಮಿನಿಕ್ ತನ್ನ ಗ್ಯಾರೇಜಿನ ಟಾರ್ಕ್ ವ್ರೆಂಚ್ ಕೊಟ್ಟಿದ್ದ. ಬಿಗಿತದ ಅಳತೆ ಸೆಟ್ ಮಾಡು, ನಿಧಾನ ಎಳೆ, ಕಿಟಕ್ ಅಂದ ಕೂಡಲೇ ಬಿಡು — ಅಷ್ಟೇ. ಕಿಟಕ್ ಅಂದಿರಬೇಕು. ನನ್ನ ಮಂದ ಕಿವಿಗೆ ಬೀಳಲಿಲ್ಲ, ಶುಗರಿನಿಂದ ಮರಗಟ್ಟಿದ ಬೆರಳಿಗೂ ತಿಳಿಯಲಿಲ್ಲ. ಎಳೆದೆ, ಎಳೆದೆ... ಟಪ್! ಅದು ಮಾತ್ರ ಚೆನ್ನಾಗಿ ಕೇಳಿತು.

ಕಾಲೇಜಿನಲ್ಲಿ ಓದಿದ್ದು — ಸ್ಟ್ರೆಸ್ ಈಸ್ ಪ್ರಪೋರ್ಷನಲ್ ಟು ಸ್ಟ್ರೇನ್, ವಿದಿನ್ ದಿ... ಎಂತದೋ ಲಿಮಿಟ್. ಬೋಲ್ಟೂ ರಬ್ಬರಿನಂತೆ ಕೊಂಚ ಹಿಗ್ಗಿಯೇ ಬಿಗಿ ಹಿಡಿಯುವುದು. ಲಿಮಿಟ್ ದಾಟಿದರೆ ಮುಗಿಯಿತು. ಅದರ ಹೆಸರು ಬಾಯಿಗೆ ಬರುತ್ತಿಲ್ಲ.

ಫೆಬ್ರವರಿ 10

ಕಾನ್ಸೆಪ್ಟಾ ಡಯಾಲಿಸಿಸ್‌ಗೆ ಬಸ್ಸಿನಲ್ಲೇ ಹೋದಳು. ಕಾಪುವಿನಿಂದ ಉಡುಪಿ, ಅಲ್ಲಿಂದ ಮಣಿಪಾಲ. ಬರುವಾಗ ಕಂಪೌಂಡ್ ಗೋಡೆ ಹಿಡಿದುಕೊಂಡು ಬಂದಳು. ನನ್ನ ಹಿಲ್ಡಾಳ ತಂಗಿ, ಪಕ್ಕದ ಮನೆ. ಹಿಲ್ಡಾ ತೀರಿದ ಮೇಲೆ ನಾನೇ ಕಾರಿನಲ್ಲಿ ಕರೆದೊಯ್ಯುತ್ತಿದ್ದೆ. ಬೆಳಿಗ್ಗೆ ಏಳಲು ನನಗೂ ಒಂದು ಕಾರಣ.

"ಮಣಿಪಾಲದಲ್ಲಿ ಕಾನ್ವೆಂಟಿನ ಸಿಸ್ಟರ್‌ಗಳ ಹತ್ರ ರೂಮು ಉಂಟಂತೆ, ಭಾವೋಜಿ. ಸೋಮವಾರ ಹೋಗ್ತೇನೆ. ಈ ಬಸ್ಸು ನನ್ನಿಂದ ಆಗುದಿಲ್ಲ."

"ಕಾರು ಸರಿಯಾಗ್ತದೆ."

"ಮುರೀಲಿಕ್ಕೆ ಕೂತವರು ನೀವು!"

ಬ್ಯಾಗು ತುಂಬಿಸಿ ಬಾಗಿಲ ಬಳಿ ಇಟ್ಟಿದ್ದಾಳೆ.

ಫೆಬ್ರವರಿ 14

ಡೊಮಿನಿಕ್ ಬಂದು ಮುರಿದ ತುಂಡನ್ನು ಕೊರೆದು ತೆಗೆದ. ಎಂಜಿನ್ ಬ್ಲಾಕಿನ ತೂತಿನ ಥ್ರೆಡ್ ಉಳಿದಿದೆ, ದೇವರು ದೊಡ್ಡವನು. ಹೊಸ ಬೋಲ್ಟುಗಳನ್ನೂ ತಂದಿದ್ದ.

"ಬುಧವಾರ ನಾನೇ ಬಂದು ಬಿಗೀತೇನೆ. ನೀನು ಮುಟ್ಬೇಡ ಮಾರಾಯ. ಇನ್ನೊಂದು ಮುರಿದ್ರೆ ಬ್ಲಾಕು ಗುಜರಿಗೆ."

ಬುಧವಾರ! ಸೋಮವಾರ ಅವಳು ಹೊರಡುತ್ತಾಳೆ.

ಫೆಬ್ರವರಿ 15, ಭಾನುವಾರ, ಸಂಜೆ

ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಕಾನ್ಸೆಪ್ಟಾ, ನಾನು ಬಾನೆಟ್ ಎತ್ತಿದ್ದನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಒಳಗೆ ಹೋಗಿ ಸ್ಟೂಲ್ ತಂದು ಪಕ್ಕದಲ್ಲೇ ಕೂತಳು. ಕೈಯಲ್ಲಿ ಸೌಟು.

"ಎಳೀರಿ. ನಾನು ಕೇಳ್ತೇನೆ."

"ನೀನು ಹೇಳಿದ್ದು ನನಗೆ ಕೇಳ್ಬೇಕಲ್ವಾ?"

"ಅದಕ್ಕೇ ಸೌಟು."

ನಡುವಿನ ಬೋಲ್ಟುಗಳು ಮೊದಲು, ಆಮೇಲೆ ಅಡ್ಡಡ್ಡ ಹೊರಗಿನವು. ಮೊದಲ ಸುತ್ತು ಹಗುರ, ಎರಡನೆಯದು ಇನ್ನಷ್ಟು, ಕೊನೆಗೆ ಪೂರ್ತಿ. ಕಿಟಕ್ ಅಂದಾಗಲೆಲ್ಲ ಭುಜಕ್ಕೊಂದು ಏಟು. ಒಮ್ಮೆ ಕೂದಲೆಳೆಯಷ್ಟು ಹೆಚ್ಚು ಎಳೆದೆನೋ ಏನೋ, ಎರಡು ಬಿತ್ತು.

"ಅಕ್ಕ ಹೇಗೆ ತಡ್ಕೊಂಡಳೋ ಇವರನ್ನು!"

ನೀರು ತುಂಬಿಸಿ ಸ್ಟಾರ್ಟ್ ಮಾಡಿದೆ. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ, ಹಬೆ ಇಲ್ಲ. ಟ್ರಯಲ್‌ಗೆ ಮಟ್ಟುವಿನವರೆಗೆ ಹೋಗಿ ಬರುವ ಅಂದೆ. ಅವಳು ಬಾಗಿಲ ಬಳಿಯ ಬ್ಯಾಗನ್ನು ಮಂಚದ ಮೇಲೆ ಸುರಿದು, ಖಾಲಿ ಮಾಡಿ ತಂದಳು — ಮಟ್ಟುವಿನ ಗುಳ್ಳಬದನೆ ತುಂಬಿಸಲು! ನಾನು ಕಾರಿನ ಬಾಗಿಲು ತೆರೆದೆ.

ಮಟ್ಟುವಿನ ಸೇತುವೆಯ ಮೇಲೆ ಆ ಲಿಮಿಟ್ಟಿನ ಹೆಸರು ಹೊಳೆಯಿತು. "ಇಲಾಸ್ಟಿಕ್! ಇಲಾಸ್ಟಿಕ್ ಲಿಮಿಟ್!"

"ರಸ್ತೆ ನೋಡಿ, ಭಾವೋಜಿ."

ಭುಜ ನೋಯುತ್ತಾ ಉಂಟು. ದೇವರಿಗೆ, ಡೊಮಿನಿಕ್‌ಗೆ, ಆ ಸೌಟಿಗೆ — ಎಲ್ಲದಕ್ಕೂ ಥ್ಯಾಂಕ್ಸ್. ಮಂಗಳವಾರ ಡಯಾಲಿಸಿಸ್, ಬೆಳಿಗ್ಗೆ ಬೇಗ ಏಳಬೇಕು. ಪಕ್ಕದ ಮನೆಯಿಂದ ಗುಳ್ಳಕ್ಕೆ ಒಣ ಸಿಗಡಿ ಹಾಕಿದ ಪರಿಮಳ ಬರುತ್ತಾ ಉಂಟು. ಆಗಲೇ ಕರೆದಿರಬೇಕು, ನನಗೆ ಕೇಳಿಸಿಲ್ಲ. ಬೆಳಕೂ ಹೋಗುತ್ತಾ ಉಂಟು, ಅಕ್ಷರ ಕಾಣು... ಓ, ಸೌಟು ಹಿಡಿದುಕೊಂಡೇ ಬರುತ್ತಿ—