ಡಾಂಬರಿನ ಕೆಳಗಿರುವ ಐರಿಷರ ಪರವಾಗಿ

ಉದ್ಯಾನಗಳ ಉಸ್ತುವಾರಿ ಹೊತ್ತ ಮಾನ್ಯ ನಿರ್ದೇಶಕರೇ,

ಕಾಲುವೆ ದಂಡೆಯ ಹುಲ್ಲಿನಲ್ಲಿದ್ದ ಐರಿಷ್ ಕೂಲಿಗಳ ಸ್ಮಾರಕದ ಕಲ್ಲನ್ನು ಕಿತ್ತು ಶೌಚಾಲಯದ ಪಕ್ಕಕ್ಕೆ ಸಾಗಿಸಿದಿರಿ. ಅವರ ಗೋರಿಗಳ ಮೇಲೆ ಪಾರ್ಕಿಂಗಿಗೆಂದು ಡಾಂಬರು ಸುರಿಸಿದಿರಿ. ಇಂಗ್ಲಿಷಿನಲ್ಲಿ ಮೂರು ಪತ್ರ ಬರೆದೆ. ಮೂರಕ್ಕೂ "ಸಂದರ್ಶಕರ ಅನುಕೂಲಕ್ಕಾಗಿ" ಎಂಬ ಒಂದೇ ಉತ್ತರ. ಇನ್ನು ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲೇ ಬರೆಯುತ್ತೇನೆ. ನಿಮಗೆ ಅರ್ಥವಾಗದಿದ್ದರೆ ಓದುವವರಿಗಾದರೂ ಆಗಲಿ.

ಯಾವ ಸಂದರ್ಶಕರು ಸ್ವಾಮಿ? ಎರಡು ವರ್ಷ, ಹಿಮ ಬೀಳದ ಶುಕ್ರವಾರಗಳಲ್ಲೆಲ್ಲ ಅಲ್ಲಿಗೆ ಬರುತ್ತಿದ್ದವರು ನಾನು ಮತ್ತು ಗದಗಿನಿಂದ ಬಂದ ನನ್ನ ಅಮ್ಮಿ ಇಬ್ಬರೇ. ನೂರೈವತ್ತು ವರ್ಷಗಳ ಹಿಂದೆ ಸಮುದ್ರ ದಾಟಿ ಕಾಲುವೆ ತೋಡಲು ಬಂದು ಕಾಲರಾದಿಂದ ಸತ್ತವರು, ಹೆಸರು ತಿಳಿಯದು ಎಂದು ಕಲ್ಲಿನ ಮೇಲಿದ್ದದ್ದನ್ನು ನಾನು ಓದಿ ಹೇಳಿದ ದಿನ ಅಮ್ಮಿ ಅಲ್ಲೇ ಕುಸಿದು ಕೂತಿದ್ದರು. ಅವರ ತಮ್ಮ ಸೊಹೈಲ್ ಏಳು ವರ್ಷಕ್ಕೇ ಅದೇ ರೋಗಕ್ಕೆ ತುತ್ತಾದ. ಊರಲ್ಲಿ ಅವನನ್ನೂ ಸೇರಿಸಿ ಒಂದೇ ಗುಂಡಿಯಲ್ಲಿ ಹತ್ತಾರು ಜನರನ್ನು ಮಣ್ಣು ಮಾಡಿದ್ದರಂತೆ. ಆ ಜಾಗ ಈಗ ಯಾರಿಗೂ ನೆನಪಿಲ್ಲ. ಅಂದಿನಿಂದ ಅಮ್ಮಿ ಚಪ್ಪಲಿ ಬಿಟ್ಟು, ಕಲ್ಲಿನ ಮುಂದೆ ಗುಲಾಬಿ ಎಸಳು ಉದುರಿಸಿ ಸತ್ತವರಿಗಾಗಿ ಫಾತಿಹಾ ಓದತೊಡಗಿದರು.

"ಅವ್ರು ಕ್ರಿಶ್ಚಿಯನ್ನರು, ಅಮ್ಮಿ" ಎಂದೆ.

"ಇರ್ಲಿ ಬಿಡವಾ. ಅವ್ರ ಅಕ್ಕಂದಿರಿಗೆ ಇಲ್ಲಿತನಾ ಬರಾಕ ಆಗಿಲ್ಲ, ನಾ ಬಂದೀನಿ. ನನ್ನ ತಮ್ಮನ ಹತ್ರಾನೂ ಯಾರಾರ ಹೋಗಿರ್ತಾರ."

ಕಳೆದ ಏಪ್ರಿಲಿನಲ್ಲಿ, ಚಳಿಗಾಲ ಮುಗಿದ ಮೇಲೆ ಮೊದಲ ಸಲ ಹೋದೆವು. ಹುಲ್ಲಿದ್ದಲ್ಲಿ ಹೊಸ ಡಾಂಬರು, ಹಳದಿ ಗೆರೆ. ಕಲ್ಲು ಇನ್ನೂ ಮುಂದಿರಬೇಕೆಂದುಕೊಂಡು ನಾನು ಗೆರೆಗಳ ನಡುವೆ ನೀಟಾಗಿ ಕಾರು ನಿಲ್ಲಿಸಿದೆ. ಅಮ್ಮಿ ಅಭ್ಯಾಸದಂತೆ ಕಾರಿನಲ್ಲೇ ಚಪ್ಪಲಿ ಬಿಟ್ಟು ಇಳಿದರು. ಪಕ್ಕದ ಹಳೆಯ ಓಕ್ ಮರವನ್ನು ನೋಡಿದರು, ಕಾಲ ಕೆಳಗೆ ನೋಡಿದರು.

"ಷಹನಾಜ್, ಅವ್ರ ಮ್ಯಾಲ ನಿಂತೀವೇನು?"

ಆ ಚಳಿಯಲ್ಲಿ ಬರಿಗಾಲಲ್ಲಿ ನಿಂತು ಅತ್ತರು. ಹೆಜ್ಜೆ ಎತ್ತಲಿಲ್ಲ, ಎತ್ತಿದರೆ ಇನ್ನೊಬ್ಬರನ್ನು ತುಳಿಯಬೇಕಲ್ಲ. ನಾನೇ ತಬ್ಬಿ ಹಿಡಿದು ಕಾರಿನಲ್ಲಿ ಕೂರಿಸಿದೆ. ಅಮ್ಮಿ ಮತ್ತೆಂದೂ ಅಲ್ಲಿಗೆ ಬರಲಿಲ್ಲ. ಈ ಜನವರಿಯಲ್ಲಿ ತೀರಿಕೊಂಡರು. ತಮ್ಮನನ್ನು ಎರಡು ಸಲ ಕಳೆದುಕೊಂಡು ಹೋದರು ಎಂಬ ಸಂಕಟ ನನ್ನನ್ನು ಬಿಡುತ್ತಿಲ್ಲ.

ಶೌಚಾಲಯಕ್ಕೆ ಹೋಗುವವರು ಹೋಗುತ್ತ ಬರುತ್ತ ಗೌರವ ಸಲ್ಲಿಸಲಿ ಎಂಬ ನಿಮ್ಮ ದೂರದೃಷ್ಟಿ ದೊಡ್ಡದು. ಆದರೆ ಕಲ್ಲು ಹೋಯಿತೆಂದು ಸತ್ತವರೂ ಎದ್ದು ಅದರ ಹಿಂದೆ ಹೋದರೇ? ಓಕ್ ಮರದ ಬಳಿಯ ಡಾಂಬರನ್ನು ಕೀಳಿಸಿ. ಕಲ್ಲನ್ನು ಅವರ ಬಳಿಗೆ ಮರಳಿ ತನ್ನಿ. ಹುಲ್ಲು ತಾನಾಗಿ ಬರುತ್ತದೆ.

ಇಂತಿ,
ಆ ದಿನ ಗೆರೆ ದಾಟದಂತೆ, ಅವರ ಮೇಲೆಯೇ ಕಾರು ನಿಲ್ಲಿಸಿದವಳು,
ಷಹನಾಜ್
ನೇಪರ್‌ವಿಲ್, ಮಾರ್ಚ್ 2004